ಕೊನೆಯ ವರ್ಷದ ಕಾರು

೨೦೧೨ರ ಜುಲೈ ೧೬, ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ರಾತ್ರಿಯಿಡೀ ಸುರಿದ ಮಳೆ ನಿಂತು ಸ್ವಲ್ಪ ಹೊಳವಾಗಿತ್ತು. ಬಾರ್ಕೂರಿನ ತನ್ನ ಮನೆಯ ಅಂಗಳದಲ್ಲಿ ಗೋಣಿ ಹಾಸಿಕೊಂಡು ಮಲಗಿದ್ದ ಪ್ರಫುಲ್ಲಾ, ಹಳೆಯ ಮಾರುತಿ ಕಾರಿನ ಹೊಟ್ಟೆಯ ನಡುಭಾಗಕ್ಕೆ ಅಡ್ಡಲಾಗಿ ಒಂದು ಅಡಿಕೆ ದಬ್ಬೆ ಕಟ್ಟುತ್ತಿದ್ದಳು. ದಬ್ಬೆಯ ಕೆಳ ಅಂಚಿಗೆ ಸುಣ್ಣ ಬಳಿದಿದ್ದಳು. ಕಟ್ಟಿದ ಮೇಲೆ ಉಕ್ಕಿನ ಸ್ಕೇಲು ಹಿಡಿದು ನೆಲದಿಂದ ದಬ್ಬೆಯವರೆಗೆ ಮೂರು ಕಡೆ ಅಳೆದಳು. ಒಂದು ತುದಿ ಕೂದಲೆಳೆಯಷ್ಟು ತಗ್ಗಿದ್ದಂತೆ ಕಂಡಿತು. ಬಿಚ್ಚಿ ಮತ್ತೆ ಕಟ್ಟಿದಳು.

ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ ಗಂಡ ಅಣ್ಣಯ್ಯ ಇದನ್ನೆಲ್ಲ ನೋಡುತ್ತಲೇ ಇದ್ದ.

"ಹ್ವಾಯ್, ಇಲ್ಲ್ ಬನ್ನಿ ಕಾಂಬ. ಮೋರಿ ಹತ್ರ ನಿಂತ್ಕಣಿ. ಕಲ್ಲಿಗ್ ತಾಗ್ತಾ ಇಲ್ಯಾ ನೀವ್ ಕಾಣ್ಕ್," ಎಂದಳು ಅವಳು.

"ಡೊಂಬಿವ್ಲಿಯಂಗೆ ಹದ್ನೈದ್ ವರ್ಷ ಹೋಟ್ಲ್ ಮಾಡ್ದೆ. ಇಂಥ ಕೆಲ್ಸ ಯಾರೂ ಹೇಳಿರಲಿಲ್ಲೆ," ಎನ್ನುತ್ತ ಅಣ್ಣಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಹೊರಟ.

ಅವರ ಮನೆಗೂ ಡಾಂಬರು ರಸ್ತೆಗೂ ನಡುವೆ ಒಂದು ಮೋರಿ ಇದೆ. ಮೇಲಿನ ಗದ್ದೆಗಳ ನೀರೆಲ್ಲ ಅದರ ಅಡಿಯಿಂದ ಹೊಳೆಗೆ ಹೋಗಬೇಕಾದ್ದರಿಂದ ಅದನ್ನು ಎತ್ತರಕ್ಕೆ ಕಟ್ಟಿದ್ದಾರೆ. ಒಂದು ಕಡೆ ಮನೆಯ ಗೇಟು, ಇನ್ನೊಂದು ಕಡೆ ರಸ್ತೆಯ ತಿರುವು. ಏರನ್ನು ಉದ್ದ ಮಾಡಿ ಸಪಾಟುಗೊಳಿಸಲು ಜಾಗವಿಲ್ಲ. ಲಾರಿ, ಟೆಂಪೋ, ಜೀಪು ಎಲ್ಲ ದಾಟುತ್ತವೆ. ಪ್ರಫುಲ್ಲಾ ತರಬೇಕೆಂದಿದ್ದ ಕಾರು ದಾಟುತ್ತದೆಯೇ ಎಂಬುದು ಪ್ರಶ್ನೆ. ಆ ಕಾರಿನ ಹೊಟ್ಟೆ ನೆಲಕ್ಕೆ ಎಷ್ಟು ಹತ್ತಿರವೋ ದಬ್ಬೆಯೂ ಮೊದಲಿಗೆ ಅಷ್ಟು ಹತ್ತಿರ ಬೇಕಿತ್ತು. ಅದರ ಚಕ್ರಗಳು ಮಾರುತಿಯದ್ದಕ್ಕಿಂತ ದೂರ ದೂರ ಇರುವುದರಿಂದ ಮೋರಿಯ ನೆತ್ತಿ ಅದರ ಹೊಟ್ಟೆಗೆ ಇನ್ನಷ್ಟು ಸಮೀಪ ಬರುತ್ತದೆಂದು ಲೆಕ್ಕ ಹಾಕಿ, ದಬ್ಬೆಯನ್ನು ಅದಕ್ಕಿಂತಲೂ ಅಷ್ಟು ತಗ್ಗಿಸಿಯೇ ಕಟ್ಟಿದ್ದಳು.

ಮೋರಿಯ ಪಕ್ಕದಲ್ಲಿ ಪದ್ದುವಿನ ಗೂಡಂಗಡಿ. ಅವನು ಬಾಳೆಗೊನೆಯ ಹಿಂದಿನಿಂದ ಬಗ್ಗಿ ನೋಡಿದ.

"ಪ್ರಫುಲ್ಲಕ್ಕಾ, ಎಂತ ಅದ್? ಕಾರಿನ್ ಕಾಲ್ ಮುರ್ದಿತಾ? ದಬ್ಬಿ ಕಟ್ಟಿದ್ರಿ!"

"ಕಾರಿನ್ ಕಾಲಲ್ಲ ಮರಾಯ," ಅಣ್ಣಯ್ಯನೇ ಉತ್ತರ ಕೊಟ್ಟ. "ಮನಿ ಯಜಮಾನ್ತಿ ತಲಿಗ್ ಕಟ್ಟುಕಿತ್ತ್, ತಪ್ಪಿ ಕಾರಿಗ್ ಕಟ್ಟಿತ್."

ಪ್ರಫುಲ್ಲಾ ಇಬ್ಬರ ಕಡೆಗೂ ನೋಡದೆ ಮೊದಲ ಗೇರಿನಲ್ಲಿ ನಿಧಾನ ಹತ್ತಿಸಿದಳು. ನೆತ್ತಿಯ ಮೇಲೆ ನಿಲ್ಲಿಸಿ ಇಳಿದು ಅಳೆದಳು. ದಬ್ಬೆಗೂ ಕಲ್ಲಿಗೂ ನಡುವೆ ಹದಿನೈದು ಮಿಲಿಮೀಟರ್ ಉಳಿದಿತ್ತು. ಸುಣ್ಣ ಒಂದಿಷ್ಟೂ ಅಳಿಸಿರಲಿಲ್ಲ. ಅವಳು ಹಿಂದೆ ಬಂದು ದಬ್ಬೆಯನ್ನು ಎರಡು ಸೆಂಟಿಮೀಟರ್ ತಗ್ಗಿಸಿ ಕಟ್ಟಿ ಮತ್ತೊಮ್ಮೆ ಹತ್ತಿಸಿದಳು. ಈ ಸಲ ಟಕ್ ಎಂದು ದಬ್ಬೆ ಮುರಿದು ಚರಂಡಿಗೆ ಬಿತ್ತು.

"ಹ್ವಾಯ್, ಹೋಯ್ತ್!" ಎಂದು ಪದ್ದು ಚಪ್ಪಾಳೆ ತಟ್ಟಿದ.

"ಹೋಯ್ಕಾದ್ದೇ ಅದ್," ಎಂದಳು ಪ್ರಫುಲ್ಲಾ. ಅವಳ ಮುಖದಲ್ಲಿ ಪ್ರಯೋಗ ಸರಿಯಾಗಿ ಕೈಗೂಡಿದ ತೃಪ್ತಿಯಿತ್ತು. "ಮೊದಲ್ನೇದ್ ಹಳೇ ಮಾಡೆಲ್. ಎರಡನೇದ್ ಈಗ ಬಪ್ಪು ಹೊಸ ಮಾಡೆಲ್. ಹಳೇದ್ ಮನಿಗ್ ಬತ್ತ್, ಹೊಸ್ತ್ ಬತ್ತಿಲ್ಲೆ. ಆಯ್ತಲೆ, ಇನ್ನೆಂತ ಚರ್ಚೆ?"

ಚರ್ಚೆ ಶುರುವಾಗಿ ಹದಿನೈದು ವರ್ಷವಾಗಿತ್ತು. ೧೯೯೭ರಲ್ಲಿ ಅವರಿಬ್ಬರೂ ಮುಂಬೈಯಲ್ಲಿದ್ದಾಗ ವರ್ಲಿಯ ಸಮುದ್ರದ ಬದಿಯಲ್ಲಿ ಪ್ರಫುಲ್ಲಾ ಒಂದು ಕಾರು ನೋಡಿದ್ದಳು. ಜರ್ಮನಿಯದ್ದು, ಎರಡೇ ಸೀಟು, ಮಡಚಿ ತೆರೆದಿಟ್ಟ ಬಟ್ಟೆಯ ಮಾಡು. ಯಾರೋ ವಿದೇಶದಿಂದ ತರಿಸಿಕೊಂಡಿದ್ದರು. ಸಿಗ್ನಲ್ಲಿನಲ್ಲಿ ಅದು ನಿಂತಿದ್ದು ಅರ್ಧ ನಿಮಿಷ. ಅಷ್ಟರಲ್ಲೇ ಮಳೆ ಹನಿಯತೊಡಗಿತು. ಓಡಿಸುತ್ತಿದ್ದ ಹೆಂಗಸು ಅವಸರವೇನೂ ಪಡದೆ, ಸೆರಗು ತಲೆಗೆ ಎಳೆದುಕೊಂಡು, ಗೇರು ಹಾಕಿ ಹೊರಟೇಹೋದಳು. ಆ ಗೇರು ಬಿದ್ದ ಸದ್ದು ಪ್ರಫುಲ್ಲಾಳ ಕಿವಿಯಲ್ಲಿ ಉಳಿಯಿತು. ಬಸ್‌ ಸ್ಟಾಪಿನಲ್ಲಿ ನಿಂತೇ ಅವಳು ಗಂಡನಿಗೆ, ನಾನೊಂದು ದಿನ ಇದನ್ನು ತಗೊಳ್ಳುತ್ತೇನೆ ಎಂದಿದ್ದಳು. ಅವನು ನಕ್ಕಿರಲಿಲ್ಲ; ಅದಕ್ಕೇ ಅವನ ಇತರ ತಮಾಷೆಗಳನ್ನೆಲ್ಲ ಅವಳು ಸಹಿಸಿಕೊಂಡಿದ್ದಳು.

ಆಮೇಲೆ ಊರಿಗೆ ಬಂದರು. ತಲ್ಲೂರಿನಲ್ಲಿ ಅವಳು ಐಸ್ ಪ್ಲಾಂಟ್ ಹಾಕಿದಳು. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಹೋಟೆಲಿನ ಗಲ್ಲೆಯಲ್ಲಿ ಕುಳಿತವಳಿಗೆ, ಒತ್ತಡ ಮತ್ತು ಉಷ್ಣತೆಯ ನಡುವೆ ಮರಳಿ ಬಂದದ್ದು ತವರಿಗೆ ಬಂದಂತೆಯೇ ಅನ್ನಿಸಿತು. ಬಂದರಿನ ದೋಣಿಗಳಿಗೆ ಅವಳ ಐಸು ಹೋಯಿತು, ಪ್ಲಾಂಟ್ ಬೆಳೆಯಿತು. ಕಾರು ಕೊಳ್ಳುವ ಶಕ್ತಿ ಬಂದ ಮೇಲೂ ಅವಳು ಕೊಳ್ಳಲಿಲ್ಲ. ಅದಕ್ಕೆ ಅವಳಿಗೊಂದು ಕಾರಣವಿತ್ತು.

ಆ ಕಂಪನಿ ಒಂದು ಮಾದರಿಯನ್ನು ಏಳೆಂಟು ವರ್ಷ ಮಾಡುತ್ತದೆ. ನಡುವೆ ಒಮ್ಮೆ ದೀಪ ಬಂಪರು ಬದಲಿಸಿ ಮುಖ ತೊಳೆದು ಕೂರಿಸುತ್ತದೆ. ಕೊನೆಗೆ ಎಲ್ಲವನ್ನೂ ಬಿಟ್ಟು ಹೊಸದನ್ನು ತರುತ್ತದೆ. ಹೊಸದು ಬಂದ ವರ್ಷ ಜನ ಮುಗಿಬೀಳುತ್ತಾರೆ. ಆದರೆ ನೀರು ಸೋರುವ ಮಾಡು, ತಾನಾಗಿ ಹತ್ತುವ ದೀಪ, ಸದ್ದು ಮಾಡುವ ಬಾಗಿಲು, ಎಲ್ಲ ದೂರುಗಳೂ ಆ ಮೊದಲ ವರ್ಷದ ಕಾರುಗಳದ್ದೇ. ವರ್ಷ ಕಳೆದಂತೆ ಒಂದೊಂದೇ ಸರಿಯಾಗುತ್ತದೆ. "ಮೊದಲ ವರ್ಷದ ಕಾರು ಅವರ ಪ್ರಯೋಗ. ಕೊನೆಯ ವರ್ಷದ್ದು ಪ್ರಯೋಗದ ಫಲ," ಎಂಬುದು ಅವಳ ಸಿದ್ಧಾಂತ. ಕೊನೆಯ ವರ್ಷದ ಕೊನೆಯ ತಿಂಗಳುಗಳಲ್ಲಿ ಬೆಲೆಯೂ ಇಳಿಯುತ್ತದೆ. ೨೦೦೫ರಲ್ಲಿ ಹೊಸ ಮಾದರಿ ಬಂದಾಗಲೇ ಅವಳು ಇದು ೨೦೧೨ರಲ್ಲಿ ಹೋಗುತ್ತದೆ ಎಂದಿದ್ದಳು. ಹಾಗೆಯೇ ಆಯಿತು. ಬರುವ ಸೆಪ್ಟೆಂಬರಿನಲ್ಲಿ ಹೊಸದು ಬರುವುದೆಂದು ಗೊತ್ತಾಗಿತ್ತು. ಅದು ಎರಡು ಸೆಂಟಿಮೀಟರ್ ತಗ್ಗು. ನಮ್ಮ ದೇಶಕ್ಕೆ ಬರುವುದು ಆಟೊಮ್ಯಾಟಿಕ್ ಮಾತ್ರ. ಕೈಯಲ್ಲಿ ಹಾಕುವ ಗೇರು ಇಲ್ಲ. ಗೇರು ಇರುವ ಹಳೆಯ ಮಾದರಿ ಬೆಂಗಳೂರಿನ ಶೋರೂಮಿನಲ್ಲಿ ಒಂದೇ ಒಂದು ಉಳಿದಿತ್ತು. ಕಡುನೀಲಿ ಬಣ್ಣದ್ದು.

ಆ ದಿನವೇ ಹತ್ತು ಗಂಟೆಗೆ ಶೋರೂಮಿನ ಶೈಲೇಶ್ ಫೋನ್ ಮಾಡಿದ. ನಾಲ್ಕು ವರ್ಷಗಳಿಂದ ಅವಳ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದ ಹುಡುಗ ಅವನು.

"ಮೇಡಂ, ಈಗ್ಲೇ ಬುಕ್ ಮಾಡಿಬಿಡಿ. ಹೋದ ತಿಂಗಳಿಗಿಂತ ಕಮ್ಮಿ ಮಾಡಿಸಿದೀನಿ. ಶೋರೂಮಲ್ಲಿ ಈಗ ನೊಣ ಹೊಡೀತಾ ಇದೀವಿ, ನಮ್ಮ ಬಾಸ್ ಒಪ್ಕೋತಾರೆ."

"ನೊಣ ಹೊಡೆಯುತ್ತಿದ್ದೀರಿ ಅಂದಮೇಲೆ ಅವಸರ ಯಾಕೆ ಶೈಲೇಶ್? ಇನ್ನೊಂದು ತಿಂಗಳು ಬಿಟ್ಟು ತೆಗೆದುಕೊಳ್ಳುತ್ತೇನೆ."

ಮರುದಿನದಿಂದ ಆಸಾಡಿ. ಆಸಾಡಿ ತಿಂಗಳಲ್ಲಿ ಈ ಕಡೆ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ವಸ್ತು ಮನೆಗೆ ಬರುವುದಿಲ್ಲ. ಪ್ರಫುಲ್ಲಾಳ ತಾಯಿ ಕಮಲಕ್ಕ ಆ ತಿಂಗಳಲ್ಲಿ ಹೊಸ ಪೊರಕೆಯನ್ನೂ ತರಿಸುವವರಲ್ಲ. ಪ್ರಫುಲ್ಲಾ ಅದನ್ನು ನಂಬುತ್ತಿದ್ದಳೋ ಇಲ್ಲವೋ, ಪಾಲಿಸುತ್ತಿದ್ದಳು. ಪ್ಲಾಂಟಿಗೆ ಬೇಕಾದ ಕಂಪ್ರೆಸರನ್ನೂ ಆಸಾಡಿ ಕಳೆದ ಮೇಲೆಯೇ ಇಳಿಸಿದ್ದಳು. ಈಗ ಆ ನಿಯಮ ತನ್ನ ಪರವಾಗಿದೆ ಎಂದು ಅವಳಿಗೆ ಅನ್ನಿಸಿತು. ಆಗಸ್ಟ್ ಹದಿನಾರರ ಸಂಕ್ರಮಣದವರೆಗೆ ಯಾರೂ ಕಾರು ಕೊಳ್ಳುವುದಿಲ್ಲ. ಹೊಸ ಮಾದರಿ ಹತ್ತಿರ ಬಂದಷ್ಟೂ ಹಳೆಯದರ ಬೆಲೆ ಇಳಿಯುತ್ತದೆ. ಆಸಾಡಿ ಕಳೆದು ಸೋಣೆ ತಿಂಗಳು ಹುಟ್ಟಿದ ದಿನ ಹೋಗಿ ತಂದರಾಯಿತು.

"ಇವಳ್ ಲೆಕ್ಕ ಅಂದ್ರೆ ಲೆಕ್ಕ," ಎಂದು ಅಣ್ಣಯ್ಯ ಅತ್ತೆಗೆ ಹೇಳಿದ. "ಕಂಪನಿಯೋರಿಗೂ ಗೊತ್ತಿಲ್ಲೆ ಇಷ್ಟ್."

"ಕಾರಗೆ ಎಷ್ಟ್ ಜನ ಕೂಕಂಬುಕ್ ಆತ್ತ್?" ಎಂದು ಕೇಳಿದರು ಕಮಲಕ್ಕ.

"ಎರಡೇ ಜನ ಅತ್ತೆ. ನೀವೂ ನಿಮ್ ಮಗಳೂ. ನಾ ಹಿಂದ್ ಬಸ್ಸಗ್ ಬತ್ತೆ."

"ಆಸಾಡಿ ಮುರ್ದ್ ತಂದ್ರೆ ನಾನ್ ಕೂಕಂತಿಲ್ಲೆ. ಈಗ್ಲೇ ಹೇಳಿದೆ," ಎಂದರು ಕಮಲಕ್ಕ.

ಗುರುವಾರ ಅಮಾವಾಸ್ಯೆ. ಆ ದಿನದ ವಾಡಿಕೆಯಂತೆ ಬೆಳಗಾಗುವ ಮುಂಚೆ ಹಾಲೆ ಮರದ ತೊಗಟೆಯ ಕೆತ್ತೆ ತಂದು ಕಹಿ ಕಷಾಯ ಮಾಡಿದ್ದರು. ಪ್ರಫುಲ್ಲಾ ಮುಖ ಕಿವುಚದೆ ಒಂದೇ ಗುಟುಕಿಗೆ ಕುಡಿದಳು. ಅಷ್ಟು ಸಮಾಧಾನದಲ್ಲಿದ್ದಳು.

ಮುಂದಿನ ಬುಧವಾರ ಅವಳು ತಲ್ಲೂರಿನ ಪ್ಲಾಂಟಿನಲ್ಲಿದ್ದಳು. ದೋಣಿಗಳೆಲ್ಲ ಮಳೆಗಾಲದ ನಿಷೇಧದಲ್ಲಿ ದಡ ಹತ್ತಿದ್ದರಿಂದ ಪ್ಲಾಂಟ್ ನಿಂತಿತ್ತು. ಕೊಳವೆಗಳ ತುಕ್ಕು ತೆಗೆಸುತ್ತಿದ್ದಳು. ಹನ್ನೆರಡು ಗಂಟೆಯ ಹೊತ್ತಿಗೆ ಶೈಲೇಶನ ಫೋನ್ ಬಂತು.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ಜಯನಗರದವರು ಒಬ್ರು ಬಂದು ಆ ನೀಲಿ ಕಾರು ನೋಡ್ಕೊಂಡು ಹೋದ್ರು. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ, ಅವತ್ತೇ ಬೇಕಂತೆ. ಸಂಜೆ ಐದಕ್ಕೆ ಅಡ್ವಾನ್ಸ್ ಕೊಡೋಕೆ ಬರ್ತಾರೆ."

"ಈ ತಿಂಗಳಲ್ಲಿ ಕಾರು ತೆಗೆದುಕೊಳ್ಳುತ್ತಾರಾ?"

"ಯಾಕೆ ಮೇಡಂ? ಆಷಾಢ ಹೋದ ಗುರುವಾರವೇ ಮುಗೀತಲ್ಲ. ಈಗ ಶ್ರಾವಣ. ನಮಗಿನ್ನು ಉಸಿರಾಡೋಕೂ ಪುರುಸೊತ್ತಿಲ್ಲ."

ಪ್ರಫುಲ್ಲಾ ಫೋನ್ ಹಿಡಿದೇ ತಲೆಯೆತ್ತಿದಳು. ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರ್ ತೂಗುತ್ತಿತ್ತು. ಅದರಲ್ಲಿ ತಿಂಗಳ ಎರಡೂ ಎಣಿಕೆಗಳಿದ್ದವು, ಯಾವಾಗಲೂ ಇರುತ್ತವೆ. ಕರಾವಳಿಯವರು ತಿಂಗಳನ್ನು ಸೂರ್ಯನಿಂದ ಎಣಿಸುತ್ತಾರೆ, ಸಂಕ್ರಮಣದಿಂದ ಸಂಕ್ರಮಣಕ್ಕೆ. ಘಟ್ಟದ ಮೇಲಿನವರು ಚಂದ್ರನಿಂದ, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ತಾನು ಕಷಾಯ ಕುಡಿದ ಅಮಾವಾಸ್ಯೆಯ ಮರುದಿನವೇ ಬೆಂಗಳೂರಿನಲ್ಲಿ ಶ್ರಾವಣ ಹುಟ್ಟಿತ್ತು. ಅಂದು ಶೋರೂಮಿನಲ್ಲಿ ನೊಣ ಹೊಡೆಯುತ್ತಿದ್ದದ್ದು ಅವರ ನಿಷಿದ್ಧ ತಿಂಗಳ ಕೊನೆಯ ದಿನಗಳಲ್ಲಿ. ಅವಳ ನಿಷಿದ್ಧ ತಿಂಗಳು ಆಗಿನ್ನೂ ಶುರುವಾಗುವುದರಲ್ಲಿತ್ತು. ಜರ್ಮನಿಯ ಕಾರ್ಖಾನೆಯ ಏಳು ವರ್ಷದ ಸುತ್ತನ್ನು ಸರಿಯಾಗಿ ಹಿಡಿದವಳು, ಮುನ್ನೂರೈವತ್ತು ಚಿಲ್ಲರೆ ಕಿಲೋಮೀಟರ್ ಆಚೆಯವರ ತಿಂಗಳನ್ನು ಕೇಳುವುದನ್ನೇ ಮರೆತಿದ್ದಳು.

"ಐದು ಗಂಟೆಯವರೆಗೆ ಯಾರಿಂದಲೂ ಅಡ್ವಾನ್ಸ್ ತಗೊಳ್ಳಬೇಡಿ," ಎಂದಳು.

"ಐದರವರೆಗೆ ತಡೀತೀನಿ ಮೇಡಂ. ಅದರ ಮೇಲೆ ನನ್ನ ಕೈಯಲ್ಲಿಲ್ಲ."

ಅವಳು ಅಲ್ಲಿಂದಲೇ ಹೌದು ಎಂದುಬಿಡಬಹುದಿತ್ತು. ಆದರೆ ಕಮಲಕ್ಕ ಕೂರದ ಕಾರು ಆ ಮನೆಯ ಕಾರಾಗುವುದಿಲ್ಲ. ಬಟ್ಟೆ ಮುಚ್ಚಿ ಗೋಡೆ ಬದಿಗೆ ನಿಲ್ಲಿಸಿದ ಪ್ರದರ್ಶನದ ವಸ್ತುವಾಗುತ್ತದೆ. ಅದಕ್ಕಾಗಿ ಅವಳು ಹದಿನೈದು ವರ್ಷ ಕಾದಿರಲಿಲ್ಲ. ಮಾರುತಿ ಹತ್ತಿ ಬಾರ್ಕೂರಿಗೆ ಹೊರಟಳು. ಹೆದ್ದಾರಿ ಅಗಲಗೊಳಿಸುವ ಕೆಲಸ ನಡೆದು ಅಲ್ಲಲ್ಲಿ ಅಗೆದಿತ್ತು. ಮನೆ ಮುಟ್ಟುವಾಗ ಒಂದೂವರೆ.

ಕಮಲಕ್ಕ ಹಿತ್ತಿಲ ಜಗಲಿಯಲ್ಲಿ ಕುಳಿತು ಪತ್ರೊಡೆಗೆ ಕೆಸುವಿನೆಲೆಯ ನಾರು ತೆಗೆಯುತ್ತಿದ್ದರು. ಅಣ್ಣಯ್ಯ ಎಲೆ ಒರೆಸಿ ಕೊಡುತ್ತಿದ್ದ. ಪ್ರಫುಲ್ಲಾ ನಿಂತೇ ಎಲ್ಲ ಹೇಳಿದಳು. ಯಾವುದನ್ನೂ ಮುಚ್ಚಲಿಲ್ಲ, ಉಬ್ಬಿಸಲಿಲ್ಲ.

"ಆ ಕಾರ್ ಹೋದ್ರೆ ಇನ್ನೊಂದ್ ಸಿಕ್ಕುದಿಲ್ಲೆ ಅಮ್ಮ. ಹೊಸ್ತ್ ನಮ್ ಮೋರಿ ದಾಂಟುದಿಲ್ಲೆ. ಐದ್ ಗಂಟಿಯೊಳ್ಗೆ ಹೇಳ್ಕ್."

"ಲೆಕ್ಕ ತಪ್ತಾ?" ಕಮಲಕ್ಕ ತಲೆಯೆತ್ತಲಿಲ್ಲ.

"ತಪ್ತ್."

"ಹಾಂಗರೆ ಬಿಡ್. ಮನುಷ್ಯರಿಗೇ ತಪ್ಪುದ್." ಅವರು ಇನ್ನೊಂದು ಎಲೆ ಎತ್ತಿಕೊಂಡರು. "ಕಾರ್ ಈಗ ಎಲ್ಲಿತ್ತ್?"

"ಬೆಂಗ್ಳೂರಂಗೆ."

"ಅಲ್ಲ್ ಯಾವ ತಿಂಗ್ಳ್ ಅಂದೆ?"

"ಶ್ರಾವಣ."

"ನಿನ್ ಸೋದರಮಾವ ಶಿವಮೊಗ್ಗದಗೆ ಹೋಟ್ಲ್ ತೆಗ್ದದ್ ಯಾವಾಗ, ನೆನ್ಪಿತ್ತಾ? ಇಲ್ಲ್ ಆಸಾಡಿ, ಅಲ್ಲ್ ಶ್ರಾವಣ. ಆಗ್ಲೂ ಎಲ್ರೂ ಬೊಬ್ಬೆ ಹೊಡ್ದಿರ್. ನಿನ್ ಅಜ್ಜಿ ಎಂತ ಹೇಳಿತ್ ಗೊತ್ತಿತ್ತಾ? ಒಲಿ ಎಲ್ಲಿತ್ತೋ ತಿಂಗ್ಳೂ ಅಲ್ಲಿದ್ದೇ. ಇವತ್ತಿಗೂ ಆ ಒಲಿ ಆರಲಿಲ್ಲೆ."

ಅಣ್ಣಯ್ಯ ಎಲೆ ಒರೆಸುವುದನ್ನು ನಿಲ್ಲಿಸಿದ. "ಅತ್ತೆ, ನೀವ್ ವಕೀಲ್ರಾಯ್ಕಿತ್ತ್."

"ಬಾಯ್ ಮುಚ್ಚಿ ಎಲಿ ಒರ್ಸಿ ನೀವ್." ಕಮಲಕ್ಕ ಮಗಳ ಕಡೆ ತಿರುಗಿದರು. "ತಕೋ ಹೆಣೆ. ಅಲ್ಲೇ ತಕೋ, ಅಲ್ಲೇ ಇಡ್. ಆದ್ರೆ ಸೋಣೆ ಹುಟ್ಟುವರಿಗ್ ಅದ್ ಘಟ್ಟ ಇಳೂಕಾಗ. ಘಟ್ಟದ್ ಕೆಳ್ಗೆ ಆಸಾಡಿ ನಮ್ದ್."

ಎರಡು ಗಂಟೆಗೆ ಪ್ರಫುಲ್ಲಾ ಫೋನ್ ಮಾಡಿದಳು. ಹಿಂದಿನ ವಾರದ ಸೋಮವಾರ ಹೇಳಿದ ಬೆಲೆಗಿಂತ ಒಂದು ಕಾಸೂ ಇಳಿಯಲಿಲ್ಲ, ಅವಳೂ ಕೇಳಲಿಲ್ಲ. ಜಯನಗರದವರಿಗೆ ಹೊಸ ಮಾದರಿಯ ಮೊದಲ ಕಾರನ್ನೇ ಕೊಡಿಸುವೆನೆಂದು ಶೈಲೇಶ್ ಹೇಳಿದನಂತೆ. ಅವರಿಗೆ ಅದೇ ಹೆಚ್ಚು ಖುಷಿಯಾಯಿತಂತೆ. ಶುಕ್ರವಾರ ಬೆಂಗಳೂರಿನಲ್ಲಿ ಸೇವಂತಿಗೆ ಹಾರ ಹಾಕಿದ ಕಾರಿನ ಬೀಗದ ಕೈ ಅವಳ ಕೈಗೆ ಬಂತು. ನೋಂದಣಿ ಮುಗಿದ ಮೇಲೆ ಶಿವಮೊಗ್ಗದವರೆಗೆ ಓಡಿಸಿಕೊಂಡು ಬಂದು ಮಾವನ ಹೋಟೆಲಿನ ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿದಳು.

ಅಲ್ಲಿಂದ ಮುಂದೆ ಎರಡು ಭಾನುವಾರ ಅವಳು ಬಸ್ಸಿನಲ್ಲಿ ಘಟ್ಟ ಹತ್ತಿದಳು. ಮಧ್ಯಾಹ್ನವೆಲ್ಲ ಕಾರು ಓಡಿಸಿ, ಒರೆಸಿ, ಶೆಡ್ಡಿಗೆ ಬೀಗ ಹಾಕಿ, ಬಸ್ಸಿನಲ್ಲೇ ಇಳಿದಳು.

"ಎಲ್ರೂ ಕಾರ್ ತಕಂಡ್ ಬಸ್ಸ್ ಬಿಡ್ತ್ರ್," ಎಂದ ಪದ್ದು. "ಪ್ರಫುಲ್ಲಕ್ಕ ಕಾರ್ ತಕಂಡ್ ಬಸ್ಸ್ ಹಿಡ್ದ್ರ್."

"ನಿನ್ ಅಂಗ್ಡಿ ಎದ್ರಿಗ್ ಬತ್ತಲೆ, ಆಗ ಮಾತಾಡ್," ಎಂದಳು ಅವಳು.

ಆಗಸ್ಟ್ ೧೭, ಶುಕ್ರವಾರ. ಸೋಣೆ ತಿಂಗಳ ಮೊದಲ ದಿನ. ಬೆಳಕು ಹರಿಯುತ್ತಲೇ ಪ್ರಫುಲ್ಲಾ ಶಿವಮೊಗ್ಗ ಬಿಟ್ಟಳು. ಘಟ್ಟದ ತಿರುವುಗಳಲ್ಲಿ ಎರಡನೇ ಗೇರು, ಮೂರನೇ ಗೇರು, ಮತ್ತೆ ಎರಡನೆಯದು. ಮಂಜಿನಲ್ಲಿ ಏನೂ ಕಾಣದ ಕಡೆ ಅವಳು ಕಿವಿಯಿಂದಲೇ ಎಂಜಿನ್ನಿನ ವೇಗ ತಿಳಿದಳು. ಯಂತ್ರ ಒಂದೇ ಒಂದು ತಪ್ಪು ಸದ್ದು ಮಾಡಲಿಲ್ಲ. ಏಳು ವರ್ಷದ ತಿದ್ದುಪಡಿಗಳೆಲ್ಲ ತನ್ನ ಅಂಗೈಯ ಕೆಳಗೆ ಇವೆ ಎನ್ನಿಸಿತು ಅವಳಿಗೆ.

ಕುಂಭಾಶಿಯ ಆನೆಗುಡ್ಡೆ ದೇವಸ್ಥಾನದ ಎದುರು ಕಮಲಕ್ಕ ಮತ್ತು ಅಣ್ಣಯ್ಯ ಕಾಯುತ್ತಿದ್ದರು. ಪೂಜೆಯಾಯಿತು, ಚಕ್ರದಡಿಯ ನಿಂಬೆಹಣ್ಣುಗಳು ಚಪ್ಪಟೆಯಾದವು. ಕಮಲಕ್ಕ ಕಾರಿನ ಸುತ್ತ ಒಂದು ಬಾರಿ ನಡೆದು ಬಂದರು.

"ಇದೆಂತ, ನೆಲದಂಗೇ ಕೂತಿತ್ತಲೆ! ಕೂಕಂಬುದಾ, ಮಲ್ಗುದಾ?"

ಕೂತರು. ಪ್ರಸಾದದ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡರು. ಅಣ್ಣಯ್ಯ ಹೇಳಿದ್ದಂತೆಯೇ ಬಸ್ಸಿಗೆ ಕೈ ಅಡ್ಡ ಹಿಡಿದ. ಹೆದ್ದಾರಿಯ ಹೊಂಡಗಳಲ್ಲಿ ಪ್ರಫುಲ್ಲಾ ಕಾರನ್ನು ಮೊಟ್ಟೆ ಹೊತ್ತಂತೆ ನಡೆಸಿದಳು. ಕೋಟದ ಹತ್ತಿರ ಅವನ ಬಸ್ಸು ಹಾರ್ನ್ ಬಾರಿಸುತ್ತ ಇವರನ್ನು ಹಿಂದೆ ಹಾಕಿತು. ಕಿಟಕಿಯಿಂದ ಅವನು ಕೈ ಬೀಸಿದ.

"ಅವ್ರ್ ಗಾಡಿಯೇ ಜೋರ್ ಇತ್ತಲೆ," ಎಂದರು ಕಮಲಕ್ಕ.

ಬ್ರಹ್ಮಾವರದಿಂದ ತಿರುಗಿ ಬಾರ್ಕೂರು ತಲುಪಿದಾಗ ಅಣ್ಣಯ್ಯ ಆಗಲೇ ಮೋರಿಯ ಪಕ್ಕದಲ್ಲಿ ಪದ್ದುವಿನ ಜೊತೆ ಸೋಡಾ ಕುಡಿಯುತ್ತ ನಿಂತಿದ್ದ. ಪ್ರಫುಲ್ಲಾ ಏರಿನ ಬುಡದಲ್ಲಿ ಕಾರು ನಿಲ್ಲಿಸಿದಳು. ಅವಳ ಹದಿನೈದು ಮಿಲಿಮೀಟರಿನ ಅಳತೆ ಕಾರಿನಲ್ಲಿ ಯಾರೂ ಕೂತಿಲ್ಲದಾಗಿನದು. ಈಗ ಇಬ್ಬರಿದ್ದರು, ಜೊತೆಗೆ ತೆಂಗಿನಕಾಯಿ ತುಂಬಿದ ಬುಟ್ಟಿ. ಸ್ಪ್ರಿಂಗು ಕುಗ್ಗಿರುತ್ತದೆ.

"ಅಮ್ಮ, ಒಂದ್ ಚೂರ್ ಇಳಿತ್ಯಾ? ಮೋರಿ ದಾಂಟಿ ಮತ್ತೆ ಹತ್ತಕ್ಕ್."

"ಹೊಸ ಕಾರ್ ಹತ್ತಿ ಮನಿ ಬಾಗ್ಲಿಗ್ ಮುಂಚೆ ಇಳೂಕಾಗ. ನಿನ್ ಲೆಕ್ಕದಗೆ ನಾನ್ ಇರಲಿಲ್ಯಾ?"

"ಈಗ ನೀನೂ ಇದ್ದೆ," ಎಂದಳು ಪ್ರಫುಲ್ಲಾ. ತನ್ನ ತೂಕ, ತಾಯಿಯ ತೂಕ, ಬುಟ್ಟಿಯ ತೂಕ, ಸ್ಪ್ರಿಂಗಿನ ಬಿಗುವು ಎಲ್ಲವನ್ನೂ ಮನಸ್ಸಿನಲ್ಲೇ ಕೂಡಿಸಿದಳು. ಎಂಟರಿಂದ ಹತ್ತು ಮಿಲಿಮೀಟರ್ ಉಳಿಯಬೇಕು. ಕಿಟಕಿಯಿಂದ ಉಕ್ಕಿನ ಸ್ಕೇಲನ್ನು ಗಂಡನ ಕೈಗೆ ಕೊಟ್ಟಳು. "ಹ್ವಾಯ್, ನೆತ್ತಿ ಮೇಲ್ ನಿಲ್ಲಿಸ್ತೆ. ಕಾಣಿ."

ಮೊದಲ ಗೇರು ಬಿತ್ತು. ಹದಿನೈದು ವರ್ಷದ ಹಿಂದೆ ವರ್ಲಿಯಲ್ಲಿ ಕೇಳಿದ ಅದೇ ಸದ್ದು. ಮುಂದಿನ ಚಕ್ರಗಳು ನೆತ್ತಿ ದಾಟಿದವು. ಪದ್ದು ಮಾತು ಮರೆತು ಬಾಳೆಗೊನೆ ಹಿಡಿದು ನಿಂತಿದ್ದ. ಕಾರು ಮೋರಿಯ ನಟ್ಟ ನಡುವೆ ನಿಂತಿತು. ಯಾವ ಸದ್ದೂ ಬರಲಿಲ್ಲ. ಅಣ್ಣಯ್ಯ ಹೊಸ ಪಂಚೆಯಲ್ಲೇ ಒದ್ದೆ ನೆಲಕ್ಕೆ ಮೊಣಕಾಲೂರಿ, ಕೆನ್ನೆಯನ್ನು ಕಲ್ಲಿಗೆ ತಾಗಿಸಿ, ಸ್ಕೇಲು ತೂರಿಸಿ ಓದಿದ. ತಪ್ಪಾಗಬಾರದೆಂದು ಇನ್ನೊಮ್ಮೆ ಓದಿದ.

ಕಾರಿನ ಹೊಟ್ಟೆಗೂ ಮೋರಿಯ ಕಲ್ಲಿಗೂ ನಡುವೆ ಒಂಬತ್ತು ಮಿಲಿಮೀಟರ್ ಇತ್ತು.